ಒಡಕು ದನಿಯ ನೆಲೆ

ಕುಂದೆನಿಸಿದ್ದನ್ನೇ ಗುಣವಾಗಿ ಒಲಿಸಿಕೊಳ್ಳುವುದು ಸಂಗೀತಕ್ಕೆ ಹೊಸತಲ್ಲ. ನಮ್ಮ ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ದಾರದ ಎಳೆಯೊಂದನ್ನು ಸರಿಸಿ ನಾದ ಝೇಂಕರಿಸುವಂತೆ ಮಾಡುತ್ತೇವೆ. ಅದನ್ನು ‘ಜೀವ’ ಎನ್ನುತ್ತೇವೆ. ದಾರ ತೆಗೆದರೆ ಶ್ರುತಿ ಉಳಿಯುತ್ತದೆ, ಜೀವ ಹೋಗುತ್ತದೆ. ವಿದ್ಯುತ್ ಗಿಟಾರಿನ ಚರಿತ್ರೆಯತ್ತ ನನ್ನನ್ನು ಸೆಳೆದದ್ದು ಈ ದಾರವೇ. ನಾನು ಆ ವಾದ್ಯವನ್ನು ನುಡಿಸುವವನಲ್ಲ, ಕೇಳುವವನು. ವಾದಕನ ಕಾಲಬಳಿ ಸಾಲಾಗಿ ಕುಳಿತ ಪುಟ್ಟ ಪೆಟ್ಟಿಗೆಗಳಲ್ಲಿ, ಅಂದರೆ ಪೆಡಲುಗಳಲ್ಲಿ, ಯಾವುದು ಮೊದಲು ಯಾವುದು ಆಮೇಲೆ ಎಂಬ ವಾದ ಇಂದಿಗೂ ಮುಗಿದಿಲ್ಲ. ಅದು ಮೂಲತಃ ಒಂದೇ ಪ್ರಶ್ನೆ ಎಂದು ನನಗೆ ತೋರಿದೆ: ಒಡಕು ದನಿ ಹುಟ್ಟುವುದು ಎಲ್ಲಿ?

ಮೊದಲು ಅದು ಹುಟ್ಟಿದ್ದು ಹರಿದ ಕಾಗದದಲ್ಲಿ. 1951ರಲ್ಲಿ ಮೆಂಫಿಸ್ ನಗರದಲ್ಲಿ ‘ರಾಕೆಟ್ 88’ ಎಂಬ ಹಾಡನ್ನು ಮುದ್ರಿಸಿಕೊಳ್ಳಲು ಐಕ್ ಟರ್ನರನ ತಂಡ ಬಂದಾಗ, ವಿಲ್ಲಿ ಕಿಜಾರ್ಟನ ಆಂಪ್ಲಿಫೈಯರ್ ದಾರಿಯಲ್ಲಿ ಕೆಟ್ಟುಹೋಗಿತ್ತು. ಸ್ಪೀಕರಿನೊಳಗೆ ಕಾಗದ ತುರುಕಿ ಹೇಗೋ ಕೆಲಸ ಸಾಗಿಸಿದರು. ಆ ಗರಗರ ದನಿ ಹಾಗೆಯೇ ತಟ್ಟೆಯಲ್ಲಿ ಉಳಿಯಿತು. 1958ರ ‘ರಂಬಲ್’ಗಾಗಿ ಲಿಂಕ್ ರೇ ಸ್ಪೀಕರಿಗೆ ಪೆನ್ಸಿಲಿನಿಂದ ತಾನೇ ತೂತು ಹೊಡೆದ. 1964ರಲ್ಲಿ ಲಂಡನ್ನಿನ ಡೇವ್ ಡೇವಿಸ್ ಅದೇ ಕೆಲಸಕ್ಕೆ ಬ್ಲೇಡು ಹಿಡಿದ. ಆಕಸ್ಮಿಕ ಏಳು ವರ್ಷದಲ್ಲಿ ಉದ್ದೇಶವಾಯಿತು. ಆದರೆ ಆಗಿನ್ನೂ ಸಾಲಿನ ಪ್ರಶ್ನೆಯೇ ಇರಲಿಲ್ಲ. ಒಡಕು ಇದ್ದುದು ದಾರಿಯ ಕಟ್ಟಕಡೆಯಲ್ಲಿ, ಅದರಾಚೆಗೆ ಗಾಳಿ ಮಾತ್ರ.

ಒಡಕನ್ನು ದಾರಿಯ ಮೊದಲಿಗೆ ತಂದದ್ದು ನ್ಯಾಶ್‌ವಿಲ್‌ನ ಒಂದು ಕೆಟ್ಟ ಯಂತ್ರ. ಮಾರ್ಟಿ ರಾಬಿನ್ಸನ 1961ರ ‘ಡೋಂಟ್ ವರಿ’ ಹಾಡಿನಲ್ಲಿ ಗ್ರೇಡಿ ಮಾರ್ಟಿನನ ಬಾಸ್ ಗಿಟಾರು ನಡುವೆ ಇದ್ದಕ್ಕಿದ್ದಂತೆ ಜೇನ್ನೊಣದ ಹಿಂಡಿನಂತೆ ಗುಂಯ್‌ಗುಡುತ್ತದೆ. ಮುದ್ರಣಫಲಕದ ಒಂದು ಭಾಗ ಕೆಟ್ಟಿತ್ತು. ಧ್ವನಿತಂತ್ರಜ್ಞ ಗ್ಲೆನ್ ಸ್ನಾಡಿ ಆ ಕೇಡನ್ನೇ ಟ್ರಾನ್ಸಿಸ್ಟರುಗಳಿಂದ ಮರಳಿ ಕಟ್ಟಿದ. 1962ರಲ್ಲಿ ಅದು ‘ಮೇಸ್ಟ್ರೋ ಫಜ್-ಟೋನ್’ ಎಂಬ ಕಾಲೊತ್ತು ಪೆಟ್ಟಿಗೆಯಾಗಿ ಮಾರಾಟಕ್ಕೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ಬಳಸಿದ್ದು, ಮುಂದೆ ಅಲ್ಲಿ ತುತ್ತೂರಿಗಳು ಬರಲಿ ಎಂಬ ಎಣಿಕೆಯಿಂದ, ಬರಿಯ ಕರಡಾಗಿ. ಕರಡೇ ಲೋಕಪ್ರಸಿದ್ಧವಾಯಿತು.

ಒಡಕು ಪೆಟ್ಟಿಗೆಯೊಳಗೆ ಸೇರಿದ ಮೇಲೆ ಅದಕ್ಕೆ ಹಿಂದು ಮುಂದು ಎಂಬುದು ಬಂತು. 1967ರಲ್ಲಿ ಮಾರುಕಟ್ಟೆಗೆ ಬಂದ ‘ವಾ-ವಾ’ ಪೆಡಲನ್ನು ನೋಡಿ. ಪಾದ ಬಾಗಿದಂತೆ ಅದು ನಾದದ ಒಂದು ಪಟ್ಟಿಯನ್ನು ಎತ್ತಿ ಹಿಡಿಯುತ್ತ ಮೇಲೆ ಕೆಳಗೆ ಸರಿಯುತ್ತದೆ. ನಮ್ಮ ಬಾಯಿ ‘ಊ’ಕಾರದಿಂದ ‘ಆ’ಕಾರಕ್ಕೆ ತೆರೆದುಕೊಳ್ಳುವಂತೆಯೇ. ಇದನ್ನು ಫಜ್‌ಗೆ ಮೊದಲು ಇಟ್ಟರೆ ಮಾತನಾಡುತ್ತಿರುವ ಗಂಟಲೇ ಒಡೆದಂತೆ ಕೇಳುತ್ತದೆ. ಆಮೇಲೆ ಇಟ್ಟರೆ ಒಡೆದ ನಾದದ ಮೇಲೆ ಬಾಗಿಲೊಂದು ತೆರೆದು ಮುಚ್ಚಿದಂತೆ. 1969ರ ಆಗಸ್ಟ್ 18ರ ಬೆಳಿಗ್ಗೆ ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದಾಗ ಅವನ ಸಾಲಿನಲ್ಲಿ ವಾ ಮೊದಲು, ಫಜ್ ಆಮೇಲೆ, ಸುಳಿ ಸುತ್ತಿಸುವ ಯೂನಿ-ವೈಬ್ ಕೊನೆಗೆ. ವಿಯೆಟ್ನಾಮಿನ ಯುದ್ಧ ನಡೆಯುತ್ತಿದ್ದ ದಿನಗಳವು; ಆ ನುಡಿಸಾಣಿಕೆಯಲ್ಲಿ ಹಲವರಿಗೆ ವಿಮಾನ, ಬಾಂಬು, ಆಕ್ರಂದನ ಕೇಳಿಸಿದುವು. ಆಕ್ರಂದನ ಕೇಳಿಸುವುದಕ್ಕೆ ವಾದಕನ ಬೆರಳು ಎಷ್ಟು ಕಾರಣವೋ ಈ ಸಾಲೂ ಅಷ್ಟೇ ಕಾರಣವೆಂದು ನನಗನಿಸುತ್ತದೆ.

ಈಗ ಮಾರ್ದನಿಯ ಮಾತು. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಟಲು ಕಟ್ಟಿದವನೊಬ್ಬ ಅಲ್ಲಿ ಕೂಗಿದರೆ ಕಟ್ಟಿದ ಗಂಟಲಿನ ಕೂಗೇ ಮತ್ತೆ ಮತ್ತೆ ಬರುತ್ತದೆ, ಒಂದೊಂದೂ ಬೇರೆಯಾಗಿ ಕೇಳುತ್ತದೆ. ಒಡಕು ಮೊದಲು, ಮಾರ್ದನಿ ಆಮೇಲೆ. ಇದು ಪ್ರಕೃತಿಯ ಸಾಲು. ಇದನ್ನು ತಿರುಗಿಸಿ, ಗುಮ್ಮಟದ ಮಾರ್ದನಿಗಳನ್ನೆಲ್ಲ ಒಂದು ಹರಿದ ಸ್ಪೀಕರಿಗೆ ಕಳಿಸಿದರೆ ಏನಾದೀತು? ಒಡಕೆಂದರೆ ಅಲೆಯ ನೆತ್ತಿ ಕತ್ತರಿಸಿಹೋಗುವುದು. ಎರಡು ಸ್ವರಗಳು ಒಟ್ಟಿಗೆ ಆ ಕತ್ತರಿಗೆ ಸಿಕ್ಕಿದರೆ ಅವುಗಳ ಮೊತ್ತದ ಮತ್ತು ವ್ಯತ್ಯಾಸದ ಕಂಪನಗಳೂ ಹುಟ್ಟುತ್ತವೆ. ಷಡ್ಜ 200, ಪಂಚಮ 300 ಎಂದಾದರೆ ವ್ಯತ್ಯಾಸ 100, ಅದು ಕೆಳಗಿನ ಷಡ್ಜವೇ; ಅದಕ್ಕೇ ಈ ವಾದಕರು ಷಡ್ಜ-ಪಂಚಮಗಳನ್ನು ಅಷ್ಟು ನೆಚ್ಚುತ್ತಾರೆ. ಆದರೆ ಹಳೆಯ ಸ್ವರದ ಮಾರ್ದನಿಯೂ ಹೊಸ ಸ್ವರವೂ ಕೂಡಿ ಬಂದಾಗ ಇಂಥ ಸಾಮರಸ್ಯ ಎಲ್ಲಿಯದು? ರಾಡಿಯಾಗುತ್ತದೆ.

1970ರ ದಶಕದಲ್ಲಿ ಈ ರಾಡಿ ಎದುರಾಯಿತು, ಏಕೆಂದರೆ ಒಡಕು ಮತ್ತೊಮ್ಮೆ ಮನೆ ಬದಲಿಸಿತ್ತು. ಆಂಪ್ಲಿಫೈಯರಿನಲ್ಲಿ ಎರಡು ಅಂಕಣಗಳು: ದನಿಯನ್ನು ರೂಪಿಸುವ ಮುಂಗೋಣೆ, ಸ್ಪೀಕರನ್ನು ನಡುಗಿಸುವ ಬಲದ ಹಿಂಗೋಣೆ. ಹೆಂಡ್ರಿಕ್ಸನ ಕಾಲದ ಮಾರ್ಷಲ್ ಯಂತ್ರಗಳು ಒಡಕಾಗಬೇಕಾದರೆ ಕಿವಿ ಕಿವುಡಾಗುವಷ್ಟು ಗಟ್ಟಿಯಾಗಿ ಇಡಬೇಕಿತ್ತು. ಕ್ಯಾಲಿಫೋರ್ನಿಯದ ರ್‍ಯಾಂಡಲ್ ಸ್ಮಿತ್ ತನ್ನ ಬೂಗಿ ಯಂತ್ರಗಳ ಮುಂಗೋಣೆಯಲ್ಲೇ ವಾಲ್ವುಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಅಲ್ಲಿಯೇ ಒಡಕು ತಂದ. 1975ರಲ್ಲಿ ಮಾರ್ಷಲ್ ಸಂಸ್ಥೆಯೂ ಒಟ್ಟು ಗಟ್ಟಿತನಕ್ಕೆ ಬೇರೆ ತಿರುಪು ಇಟ್ಟಿತು. ಪಿಸುದನಿಯಲ್ಲೂ ಒಡಕು ಸಿಕ್ಕಿತು. ಸಿಕ್ಕಿದೊಡನೆ, ಗಿಟಾರಿಗೂ ಯಂತ್ರಕ್ಕೂ ನಡುವೆ ಇದ್ದ ಮಾರ್ದನಿಯ ಪೆಟ್ಟಿಗೆಗಳೆಲ್ಲ ಒಡಕಿನ ಹಿಂದೆ ಸಿಕ್ಕಿಬಿದ್ದುವು.

ಉಪಾಯ ಸರಳ: ಯಂತ್ರದ ಬೆನ್ನಿಗೆ ಎರಡು ತೂತು. ಒಂದರಿಂದ ನಾದ ಮುಂಗೋಣೆಯನ್ನು ಬಿಟ್ಟು ಹೊರಬಂದು ಮಾರ್ದನಿಯ ಪೆಟ್ಟಿಗೆಯನ್ನು ಸುತ್ತಿ, ಇನ್ನೊಂದರಿಂದ ಹಿಂಗೋಣೆಗೆ ಮರಳುತ್ತದೆ. 1970ರ ದಶಕದ ಕೊನೆಯಿಂದ ಇಂಥ ‘ಎಫೆಕ್ಟ್ಸ್ ಲೂಪ್’ ಬಳಕೆಗೆ ಬಂತು. ತೊಡಕುಗಳಿಲ್ಲದಿರಲಿಲ್ಲ; ಮುಂಗೋಣೆಯಿಂದ ಹೊರಟ ನಾದ ಗಿಟಾರಿನದಕ್ಕಿಂತ ಬಹಳ ಪ್ರಬಲವಾದುದರಿಂದ ಕೆಲವು ಪೆಡಲುಗಳು ಅದನ್ನು ತಾಳಲಾರದೆ ತಾವೇ ಒಡೆದುವು. ಇನ್ನು, ಹಿಂಗೋಣೆಯನ್ನೇ ಬಳಲಿಸಿ ಒಡಕು ಪಡೆಯುವ ಹಳೆಯ ಬಗೆಯ ಯಂತ್ರಕ್ಕೆ ಈ ತೂತುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಮಾರ್ದನಿ ಅಲ್ಲಿಯೂ ಒಡಕಿನ ಬಾಯಿಗೇ ಬೀಳುತ್ತದೆ. ವಾ ಮೊದಲು, ಒಡಕು ನಡುವೆ, ಮಾರ್ದನಿ ಕೊನೆಗೆ ಎಂದು ಅಂಗಡಿಯ ಕೈಪಿಡಿಗಳು ಕೊಡುವ ಪಟ್ಟಿಯನ್ನು ಶಾಸ್ತ್ರವಾಕ್ಯವೆಂದು ನಂಬುವವರು ಇದನ್ನು ಗಮನಿಸುವುದಿಲ್ಲ. ಒಗ್ಗರಣೆಯನ್ನು ಕೆಲವು ಅಡಿಗೆಗೆ ಮೊದಲು ಹಾಕುತ್ತೇವೆ, ಕೆಲವಕ್ಕೆ ಕೊನೆಗೆ. ಅದನ್ನು ಸಾಸಿವೆ ನಿರ್ಣಯಿಸುವುದಿಲ್ಲ.

1980ರ ದಶಕದ ಕೊನೆಗೆ ಬ್ರಿಟನ್ ಮತ್ತು ಐರ್ಲೆಂಡಿನ ಕೆಲವು ತರುಣರು ಆ ಪಟ್ಟಿಯನ್ನು ಬೇಕೆಂದೇ ತಿರುಗಿಸಿದರು: ಮಾರ್ದನಿಯನ್ನು ಮೊದಲಿಟ್ಟು ಅದನ್ನೇ ಒಡಕಿಗೆ ಕೊಟ್ಟರು. ಕಾಲಬಳಿಯ ಪೆಡಲುಗಳ ಮೇಲೆ ಕಣ್ಣು ನೆಟ್ಟು ನಿಲ್ಲುತ್ತಿದ್ದ ಅವರನ್ನು ಪತ್ರಿಕೆಗಳು ‘ಶೂಗೇಜ್’, ಎಂದರೆ ಬೂಟು ನೋಡುವವರು, ಎಂದು ಹಂಗಿಸಿದುವು. ಆ ಹೆಸರೇ ನಿಂತಿತು. ಅವರ ತಟ್ಟೆಗಳಲ್ಲಿ ತಂತಿ ಮೀಟಿದ ಕ್ಷಣ ಯಾವುದೆಂದು ತಿಳಿಯುವುದಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುವಾಗ ಒಂದು ಹನಿಯನ್ನು ಬೇರೆಯಾಗಿ ಕೇಳಲಾಗದಂತೆ, ಸ್ವರಗಳೆಲ್ಲ ಒಂದೇ ಸುರಿತವಾಗಿ ಬರುತ್ತವೆ; ನಡುವೆ ಎಲ್ಲಿಯೋ ಒಬ್ಬರು ಮೆಲ್ಲಗೆ ಹಾಡುತ್ತಿರುತ್ತಾರೆ.