ರೇಡ್ ಆರಂಭದ ಸ್ಥಿತಿ: ಕಬಡ್ಡಿ ಅಂಕಿಅಂಶಗಳ ಮೇಲೆ ಅದರ ಪ್ರಭಾವ

ರೇಡರ್ ನಡುಗೆರೆ ದಾಟುವ ಹೊತ್ತಿಗೆ ಎದುರು ಅಂಗಳದಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ಯಾರು ಎಲ್ಲಿ ನಿಂತಿದ್ದಾರೆ, ತನ್ನ ತಂಡದ ಹಿಂದಿನ ಎರಡು ರೇಡ್‌ಗಳು ಖಾಲಿ ಹೋಗಿವೆಯೇ ಎಂಬ ಮೂರನ್ನೂ ಕೂಡಿಸಿ ರೇಡ್ ಆರಂಭದ ಸ್ಥಿತಿ ಎನ್ನಬಹುದು. ಆಟಗಾರನ ಹೆಸರಿನ ಮುಂದೆ ಬೀಳುವ ಅಂಕಗಳಲ್ಲಿ ಒಂದು ಪಾಲು ಅವನ ಸಾಮರ್ಥ್ಯದ್ದು, ಇನ್ನೊಂದು ಪಾಲು ಈ ಸ್ಥಿತಿಯದು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಿರಿಯರು ಹುತುತು ಎಂದೂ ಕರೆಯುವ ಈ ಆಟದಲ್ಲಿ ಎರಡನೆಯ ಪಾಲು ಚಿಕ್ಕದೇನಲ್ಲ.

ಐಸ್ ಹಾಕಿಯ ಹೋಲಿಕೆ

ಇಂಥ ವಿಚಾರ ಹೆಚ್ಚು ಚರ್ಚೆಯಾದದ್ದು ಐಸ್ ಹಾಕಿಯಲ್ಲಿ. ಅಲ್ಲಿ ಪಕ್ ಎಂಬ ಆಟದ ಬಿಲ್ಲೆ ಯಾರ ಹಿಡಿತದಲ್ಲಿತ್ತು ಎಂಬುದನ್ನು ಗಡಿಯಾರದಿಂದ ಅಳೆಯುವುದು ಕಷ್ಟ. ಆದ್ದರಿಂದ ಗೋಲಿನತ್ತ ಬಾರಿಸಿದ ಎಲ್ಲ ಹೊಡೆತಗಳನ್ನೂ, ಗುರಿ ತಪ್ಪಿದವನ್ನೂ ಎದುರಾಳಿ ಅಡ್ಡ ಬಿದ್ದು ತಡೆದವನ್ನೂ ಸೇರಿಸಿ, ಎಣಿಸುತ್ತಾರೆ. ಬಫಲೋ ಸೇಬರ್ಸ್ ತಂಡದ ಗೋಲ್‌ಕೀಪರ್‌ಗಳ ತರಬೇತುದಾರರಾಗಿದ್ದ ಜಿಮ್ ಕೊರ್ಸಿ ಅವರ ಹೆಸರೇ ಈ ಲೆಕ್ಕಕ್ಕೆ ನಿಂತಿದೆ. ಎದುರಾಳಿಯ ಗೋಲಿನ ಬಳಿ ಆಟ ಆರಂಭಿಸುವವನ ಲೆಕ್ಕ ಏರುತ್ತದೆ, ಸ್ವಂತ ಗೋಲಿನ ಬಳಿ ಆರಂಭಿಸುವವನದು ಇಳಿಯುತ್ತದೆ. ಮೊದಲಿಗೆ ಈ ವ್ಯತ್ಯಾಸ ಬಹಳ ದೊಡ್ಡದೆಂದು ನಂಬಲಾಗಿತ್ತು. ಆಟಗಾರರು ಮಂಜುಗಡ್ಡೆಯ ಅಂಗಳಕ್ಕಿಳಿಯುವುದು ಬಹುಪಾಲು ಆಟ ಸಾಗುತ್ತಿರುವಾಗಲೇ ಎಂಬುದನ್ನು ಗಣಿಸಿದ ಮೇಲೆ ಅದು ಕಡಿಮೆಯೆಂದು ಕಂಡುಬಂತು.

ಕಬಡ್ಡಿಯಲ್ಲಿ ಆಟದ ಹಿಡಿತ ಸರದಿಯಂತೆ ಬದಲಾಗುತ್ತದೆ. ಇವರ ರೇಡ್ ಮುಗಿದರೆ ಅವರದು, ಪ್ರತಿ ರೇಡ್‌ಗೂ 30 ಸೆಕೆಂಡ್. ಎಲ್ಲ ರೇಡ್‌ಗಳೂ ಅದೇ ನಡುಗೆರೆಯಿಂದಲೇ ಶುರು. ಹೀಗಾಗಿ ಇಲ್ಲಿ ಆರಂಭದ ಜಾಗಕ್ಕಿಂತ ಎದುರಿಗಿರುವ ತಲೆಗಳ ಲೆಕ್ಕವೇ ಮುಖ್ಯ.

ಮೂರು ಪದ್ಧತಿಗಳು

ಈ ತಲೆಲೆಕ್ಕದ ಸ್ವಭಾವ ತಿಳಿಯಬೇಕಾದರೆ ಹಳೆಯ ಮೂರು ಪದ್ಧತಿಗಳನ್ನು ನೋಡಬೇಕು. ಕಬಡ್ಡಿಯ ಇತಿಹಾಸ ಬರೆಯುವವರು ಇವನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವುದೇ ಹೆಚ್ಚು. ಅಂಕಿಅಂಶದ ದೃಷ್ಟಿಯಿಂದ ಇಡೀ ವಿಷಯದ ಬೇರು ಇಲ್ಲಿದೆ.

ಅಮರ್ ಪದ್ಧತಿಯಲ್ಲಿ ಔಟಾದವನು ಹೊರಗೆ ಹೋಗುವುದಿಲ್ಲ. ಎದುರಾಳಿಗೆ ಒಂದು ಅಂಕ ಸಿಗುತ್ತದೆ, ಆಟಗಾರ ಅಂಗಳದಲ್ಲೇ ಉಳಿಯುತ್ತಾನೆ. ಮೊದಲ ರೇಡ್‌ಗೂ ಕೊನೆಯ ರೇಡ್‌ಗೂ ಎದುರಿಗಿರುವವರ ಸಂಖ್ಯೆ ಒಂದೇ. ಇಬ್ಬರು ರೇಡರ್‌ಗಳ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ ಇದರಷ್ಟು ನ್ಯಾಯವಾದ ಆಟ ಇನ್ನೊಂದಿಲ್ಲ.

ಗಾಮಿನಿಯಲ್ಲಿ ಔಟಾದವನು ಇಡೀ ತಂಡ ಔಟಾಗುವವರೆಗೆ ಹೊರಗೇ ಕೂರಬೇಕು. ಸಂಖ್ಯೆ ಇಳಿಯುತ್ತದೆಯೇ ಹೊರತು ನಡುವೆ ಏರುವುದಿಲ್ಲ. ಆರಂಭದಲ್ಲಿ ರೇಡ್ ಮಾಡುವವನಿಗೂ ಕೊನೆಯಲ್ಲಿ ಮಾಡುವವನಿಗೂ ಆಟ ಒಂದೇ ಆಗಿರುವುದಿಲ್ಲ.

ಸಂಜೀವಿನಿಯಲ್ಲಿ ಎದುರಾಳಿ ಒಬ್ಬ ಔಟಾದರೆ ನಮ್ಮವನೊಬ್ಬ ಜೀವ ಪಡೆದು ಒಳಬರುತ್ತಾನೆ. ಸಂಖ್ಯೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇಂದಿನ ಅಧಿಕೃತ ಕಬಡ್ಡಿ ಇದರ ಮೇಲೆಯೇ ನಿಂತಿದೆ. ನೋಡಲು ರೋಚಕ, ಹೋಲಿಸಲು ಕಠಿಣ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ಪ್ರದರ್ಶಿಸಿದ, 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾದ ಆಟ ಜಗತ್ತಿನೆದುರು ಬೆಳೆದಂತೆ ಅಂಕಗಳ ಮೊತ್ತಕ್ಕೆ ಬೆಲೆ ಬಂತು. ಆ ಅಂಕ ಎಷ್ಟು ಮಂದಿಯೆದುರು ಬಂತು ಎಂಬುದು ಮಾತ್ರ ಲೆಕ್ಕದ ಹೊರಗೇ ಉಳಿಯಿತು.

ಏಳರಿಂದ ಒಂದರವರೆಗೆ

ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗಷ್ಟೇ ಬೋನಸ್ ಉಂಟು. ಪುರುಷರ ಅಂಕಣದಲ್ಲಿ ನಡುಗೆರೆಯಿಂದ 3.75 ಮೀಟರ್ ದೂರಕ್ಕೆ ಬಾಕ್ ಲೈನ್, ಅದರಿಂದ 1 ಮೀಟರ್ ಆಚೆ ಬೋನಸ್ ಗೆರೆ. ಒಂದು ಕಾಲು ಬೋನಸ್ ಗೆರೆ ದಾಟಿ ಊರಿದಾಗ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಯಾರನ್ನೂ ಮುಟ್ಟದೆ ಒಂದು ಅಂಕ ಸಿಗುತ್ತದೆ. ಐವರು ಉಳಿದರೆ ಈ ದಾರಿಯೇ ಮುಚ್ಚುತ್ತದೆ. ಆದ್ದರಿಂದ ಬೋನಸ್ ನಂಬಿದ ರೇಡರ್ ತುಂಬಿದ ಅಂಗಳದೆದುರು ಮಿಂಚುತ್ತಾನೆ, ಅಂಗಳ ಖಾಲಿಯಾದಂತೆ ಮಂಕಾಗುತ್ತಾನೆ. ಬೋನಸ್ ಅಂಕಕ್ಕೆ ಹೊರಗಿರುವ ಜೊತೆಗಾರರು ಜೀವ ಪಡೆಯುವುದೂ ಇಲ್ಲ. ಮುಟ್ಟಿ ತಂದ ಒಂದು ಅಂಕ ಮತ್ತು ಬೋನಸ್‌ನ ಒಂದು ಅಂಕ ಪಟ್ಟಿಯಲ್ಲಿ ಸಮ, ಅಂಗಳದಲ್ಲಿ ಸಮವಲ್ಲ.

ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಾಗ ರೇಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಸೋಲುತ್ತಿರುವ ತಂಡದ ಅಂಗಳವೇ ಹೆಚ್ಚು ಸಲ ಹೀಗೆ ಬರಿದಾಗುವುದರಿಂದ, ದುರ್ಬಲ ತಂಡದ ಹಿಡಿತಗಾರನ ಟ್ಯಾಕಲ್ ಅಂಕ ಬಲಿಷ್ಠ ತಂಡದವನಿಗಿಂತ ಹೆಚ್ಚಿರಬಹುದು. ಹಿಡಿದ ಸಂಖ್ಯೆ ಬೇರೆ, ಹಿಡಿತದಿಂದ ಬಂದ ಅಂಕ ಬೇರೆ ಎಂದು ಬಿಡಿಸಿ ನೋಡಿದಾಗಷ್ಟೇ ಇದು ಕಾಣುತ್ತದೆ. ಉಳಿದ ಒಬ್ಬನೂ ಔಟಾದರೆ ಎದುರಾಳಿಗೆ ಲೋನಾದ ಎರಡು ಅಂಕ, ಏಳೂ ಮಂದಿ ಮತ್ತೆ ಒಳಗೆ. ಲೋನಾ ಕೊಡಿಸಿದ ರೇಡರ್‌ನ ಮುಂದಿನ ರೇಡ್‌ಗೆ ಎದುರಿಗೆ ತುಂಬಿದ ಅಂಗಳ, ಬೋನಸ್‌ಗೆ ಮತ್ತೆ ಅವಕಾಶ.

ಎರಡು ಖಾಲಿ ರೇಡ್‌ಗಳ ನಂತರದ ಮೂರನೆಯದು ಡೂ ಆರ್ ಡೈ. ಅಂಕ ತರದಿದ್ದರೆ ರೇಡರ್ ಔಟ್. ತಂಡ ಈ ಕಷ್ಟದ ರೇಡ್‌ಗಳನ್ನು ಒಬ್ಬನ ಹೆಗಲಿಗೇ ಹಾಕಿದರೆ ಅವನ ಯಶಸ್ಸಿನ ಪ್ರಮಾಣ ಕುಸಿಯುತ್ತದೆ. ಉದಾಹರಣೆಗೆ ಇಬ್ಬರು ತಲಾ 20 ರೇಡ್ ಮಾಡಿ ತಲಾ 8ರಲ್ಲಿ ಯಶಸ್ವಿಯಾದರು ಎನ್ನಿ. ಒಬ್ಬನ ಪಾಲಿಗೆ ಎರಡು ಡೂ ಆರ್ ಡೈ, ಇನ್ನೊಬ್ಬನ ಪಾಲಿಗೆ ಹತ್ತು. ಪಟ್ಟಿ ಇಬ್ಬರಿಗೂ ಶೇಕಡಾ 40 ಎನ್ನುತ್ತದೆ. ಎರಡನೆಯವನೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ.

2019ರ ಜನವರಿ 5ರಂದು ಪ್ರೊ ಕಬಡ್ಡಿ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿದಾಗ ಪವನ್ ಸೆಹ್ರಾವತ್ 22 ಅಂಕ ತಂದರು. ಕನ್ನಡಿಗರಿಗೆ ನೆನಪಿರುವುದು ಆ 22. ಯಾವ ಅಂಕ ಏಳು ಮಂದಿಯೆದುರು ಬಂತು, ಯಾವುದು ಇಬ್ಬರೆದುರು ಬಂತು ಎಂದು ಬಿಡಿಸಿದರೆ ಆ ಪಂದ್ಯದ ಕಥೆ ಇನ್ನಷ್ಟು ತಿಳಿಯಾಗುತ್ತದೆ.

ಹಿಡಿಯುವವರ ಜಾಗ

ಎಡ ಕಾರ್ನರ್, ಬಲ ಕಾರ್ನರ್, ಕವರ್, ಇನ್, ಸೆಂಟರ್ ಎಂದು ಜಾಗಗಳುಂಟು. ಕಾರ್ನರ್‌ನವರ ಆಯುಧ ಕಾಲು ಮತ್ತು ತೊಡೆ ಹಿಡಿತ, ಕವರ್‌ನವರದು ಡ್ಯಾಶ್ ಮತ್ತು ಬ್ಲಾಕ್. ಎದುರಾಳಿ ರೇಡರ್ ಹೆಚ್ಚಾಗಿ ಯಾವ ಬದಿಗೆ ಹಾಯುತ್ತಾನೋ ಆ ಬದಿಯ ಕಾರ್ನರ್‌ಗೆ ಅವಕಾಶ ಹೆಚ್ಚು, ಅಂಕವೂ ಹೆಚ್ಚು, ತಪ್ಪೂ ಹೆಚ್ಚು. ಒಳ್ಳೆಯ ರೇಡರ್‌ಗಳನ್ನು ರಕ್ಷಣೆಯ ವೇಳೆ ಇನ್‌ನಲ್ಲಿ ನಿಲ್ಲಿಸುವ ರೂಢಿ ಇರುವುದರಿಂದ ಅವರ ಟ್ಯಾಕಲ್ ಅಂಕ ಸಹಜವಾಗಿಯೇ ಕಡಿಮೆ.

ಮಲಪ್ರಭೆಯ ಸೀಮೆಯಲ್ಲಿ

ಆಡುವ ನೆಲವೂ ಅಂಕಗಳ ಮೇಲೆ ಪ್ರಭಾವ ಬೀರುತ್ತದೆ. ಮಲಪ್ರಭಾ ನದಿಯ ಈ ಸೀಮೆಯಲ್ಲಿ ಸವದತ್ತಿ, ರಾಮದುರ್ಗದ ಕಡೆ ಎರೆ ಭೂಮಿ. ಕಿತ್ತೂರಿನತ್ತ ಹೋದಂತೆ ಮಲೆನಾಡಿನ ಸೆರಗು, ಮಣ್ಣಿನ ಬಣ್ಣವೂ ಬದಲು. ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಒದ್ದೆಯಾದರೆ ಕಾಲಿಗಂಟುತ್ತದೆ. ಹೀಗಾಗಿ ಅಂಕಣಕ್ಕೆ ಬೇರೆ ಮಣ್ಣು ಜರಡಿ ಹಿಡಿದು ಹಾಸಬೇಕಾಗುತ್ತದೆ. ಸುಣ್ಣದ ಪುಡಿಯಲ್ಲಿ ಎಳೆದ ಬೋನಸ್ ಗೆರೆ ಹತ್ತಾರು ರೇಡ್ ಕಳೆಯುವಷ್ಟರಲ್ಲಿ ಕಾಲಡಿ ಅಳಿಸುತ್ತದೆ; ವಿರಾಮದಲ್ಲಿ ಹೊಸ ಗೆರೆ ಬೀಳುವವರೆಗೆ ಬೋನಸ್ ಕೊಡುವುದು ಅಂಪೈರ್‌ನ ಕಣ್ಣಂದಾಜು. ಮ್ಯಾಟ್ ಮೇಲಿನ ಅಂಕಿಗಳನ್ನೂ ಮಣ್ಣಿನ ಮೇಲಿನ ಅಂಕಿಗಳನ್ನೂ ಒಂದೇ ಪಟ್ಟಿಗೆ ಹಾಕುವಾಗ ಎಚ್ಚರ ಬೇಕು.

ಅಂಕಪಟ್ಟಿ

ಅಧಿಕೃತ ಅಂಕಪಟ್ಟಿಯಲ್ಲಿ ಬಂದ ಅಂಕಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಾರೆ, ಬೋನಸ್‌ಗೆ ತ್ರಿಕೋನ ಗುರುತು. ಎಷ್ಟು ಮಂದಿಯೆದುರು ರೇಡ್ ಆರಂಭವಾಯಿತು ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ. ಶಾಲಾ ಕ್ರೀಡಾಕೂಟದಲ್ಲೂ ತಾಲ್ಲೂಕು ದಸರಾ ಕ್ರೀಡಾಕೂಟದಲ್ಲೂ ಪಟ್ಟಿ ಬರೆಯುವ ದೈಹಿಕ ಶಿಕ್ಷಕರು ಪ್ರತಿ ರೇಡ್‌ನ ಮುಂದೆ ಆ ಒಂದು ಅಂಕಿಯನ್ನು ಬರೆದಿಟ್ಟರೆ ಸಾಕು. ಮುಂದಿನ ಹಂತಕ್ಕೆ ಹುಡುಗ ಹುಡುಗಿಯರನ್ನು ಆರಿಸುವವರು ಮೊದಲು ಕೇಳಬೇಕಾದದ್ದು ಅದನ್ನೇ.