ಬಸವಕಲ್ಯಾಣ–ಹುಮನಾಬಾದ ಸೀಮೆಯ ಪ್ರಾಥಮಿಕ ಶಾಲೆಯೂ ಮಾಸ್ತರರೂ

ಒಂದು ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದಾಗ ನಾವು ದೇವಾಲಯವನ್ನು ಕಟ್ಟಿಸಿದ ಗುರುಗಳನ್ನೂ ನೆರವಾದ ದಾನಿಗಳನ್ನೂ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಪೂಜೆಯಲ್ಲಿ ದೇವರ ವಾಕ್ಯವನ್ನು ಓದಲು ಎದ್ದು ನಿಲ್ಲುವ ಭಕ್ತನಿಗೆ ಮೊಟ್ಟಮೊದಲು ಅಕ್ಷರ ತಿದ್ದಿಸಿದವರು ಯಾರೆಂದು ಕೇಳುವುದು ಅಪರೂಪ. ಹಲವು ಹಳ್ಳಿಗಳಲ್ಲಿ ಅವರು ಒಬ್ಬ ಮಾಸ್ತರರು. ಅವರ ಸೇವೆಯನ್ನೂ ಅದರ ಕೊರತೆಯನ್ನೂ ಒಟ್ಟಿಗೆ ಅರಿಯಲು ನಮ್ಮ ನಾಡಿನ ಉತ್ತರ ಗಡಿಯಲ್ಲಿರುವ ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳು ತಕ್ಕ ನಿದರ್ಶನವಾಗಿವೆ.

ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಪಟ್ಟಣ. 12ನೆಯ ಶತಮಾನದಲ್ಲಿ ಬಸವಣ್ಣನವರೂ ಅವರ ಸಂಗಡಿಗರಾದ ಶರಣ ಶರಣೆಯರೂ ಜನರಾಡುವ ಕನ್ನಡದಲ್ಲಿಯೇ ಉನ್ನತ ವಿಚಾರಗಳನ್ನು ನುಡಿದರು. ಅಂತಹ ನೆಲವು ಮುಂದೆ ಹೈದರಾಬಾದ್ ಸಂಸ್ಥಾನದ ಒಂದು ಮೂಲೆಯಾಯಿತು. ಇಲ್ಲಿನ ಮನೆಮಾತು ಕನ್ನಡ ಇಲ್ಲವೆ ಮರಾಠಿ, ಪೇಟೆಯಲ್ಲಿ ದಖನಿ, ಕಚೇರಿಯಲ್ಲಿ ಮೊದಲು ಪಾರಸಿ, ಆಮೇಲೆ ಉರ್ದು. ಮನೆಯ ಮಾತು ಒಂದು, ಅರ್ಜಿಯ ಭಾಷೆ ಇನ್ನೊಂದು ಆಗಿದ್ದ ಸೀಮೆಯಲ್ಲಿ ಅಕ್ಷರ ಬಲ್ಲವನ ಬೆಲೆ ಎಷ್ಟೆಂಬುದನ್ನು ನಾವು ಊಹಿಸಬಹುದು.

ಸರಕಾರದ ಶಾಲೆಗಳು ಬರುವ ಮೊದಲು ವಿದ್ಯೆಯು ಮಠದ ಪಡಸಾಲೆ, ಗುಡಿಯ ಕಟ್ಟೆ, ಮಸೀದಿಯ ಅಂಗಳಗಳಲ್ಲಿ ನಡೆಯುತ್ತಿತ್ತು. ಐಗಳು, ಪಂತೋಜಿ, ಮೌಲವಿ ಎಂಬ ಹೆಸರುಗಳು ಬೇರೆಯಾದರೂ ಪದ್ಧತಿಯಲ್ಲಿ ಹೋಲಿಕೆಯಿತ್ತು. ಮರಳಿನ ಮೇಲೆ ಬೆರಳಿನಿಂದ ಅಕ್ಷರ, ಆಮೇಲೆ ಪಾಟಿ ಬಳಪ, ಒಕ್ಕೊರಲಿನಿಂದ ಮಗ್ಗಿ, ಲೆಕ್ಕಪತ್ರದ ಅಭ್ಯಾಸ. ಸಂಬಳವು ಸುಗ್ಗಿಯಲ್ಲಿ ಬರುವ ಜೋಳವಾಗಿರಬಹುದು, ಹಬ್ಬದ ದಿನದ ದಕ್ಷಿಣೆಯಾಗಿರಬಹುದು. ಕಲಿಸುವವರು ಗಂಡಸರು, ಕಲಿಯುವವರು ಹುಡುಗರು; ಅವರಲ್ಲಿಯೂ ಎಲ್ಲ ಜಾತಿಯ ಹುಡುಗರಿಗೆ ಅಲ್ಲಿ ಸ್ಥಳವಿರಲಿಲ್ಲ. ಈ ಸತ್ಯವನ್ನು ನಾವು ಮರೆಮಾಚಬಾರದು.

ನಿಜಾಮರ ಆಳಿಕೆಯಲ್ಲಿ ಶಾಲೆಗಳು ತೆರೆದವು. ಮುಖ್ಯೋಪಾಧ್ಯಾಯರು ಅಂದು 'ಸದರ ಮುದರ್ರಿಸ್' ಆಗಿದ್ದರು. 1918ರಲ್ಲಿ ಪ್ರಾರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ವಿದ್ಯೆಯನ್ನು ಭಾರತೀಯ ಭಾಷೆಯಾದ ಉರ್ದುವಿನಲ್ಲಿ ಕೊಟ್ಟಿತು. ಅದು ಹೆಮ್ಮೆಯ ಸಾಹಸವೇ ಸರಿ. ಆದರೆ ಹಳ್ಳಿಯ ಕನ್ನಡದ ಮಗುವಿಗೆ ಮೇಲಿನ ತರಗತಿಗಳ ಬಾಗಿಲು ಪರಭಾಷೆಯ ಬೀಗ ಹಾಕಿದಂತಿತ್ತು. ಈ ಕಾಲದಲ್ಲಿಯೇ ನೆರೆಯ ಭಾಲ್ಕಿಯ ಹಿರೇಮಠದ ಡಾ. ಚೆನ್ನಬಸವ ಪಟ್ಟದ್ದೇವರು (1890–1999) ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರು. ಬಡ ಮಕ್ಕಳ ಊಟ ವಸತಿಗಳ ಭಾರವನ್ನೂ ಹೊತ್ತರು. ಒಬ್ಬ ಗಂಡಸು ಮಕ್ಕಳಿಗೆ ತಂದೆಯೂ ತಾಯಿಯೂ ಆಗಬಲ್ಲನೆಂಬುದನ್ನು ಈ ಸೀಮೆ ಹೀಗೆ ಕಣ್ಣಾರೆ ಕಂಡಿತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಲ್ಯಾಣವು ಬಸವಕಲ್ಯಾಣವೆನಿಸಿತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ ಬಂದಿತು. ಕಾಯಿದೆ ಮಾಡುವವರು ಬೆಂಗಳೂರಿನಲ್ಲಿದ್ದರು. ಅದನ್ನು ಹಳ್ಳಿಯಲ್ಲಿ ನಡೆಸಬೇಕಾದವರು ಏಕೋಪಾಧ್ಯಾಯ ಶಾಲೆಯ ಮಾಸ್ತರರು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳು! ಗಂಟೆ ಬಾರಿಸುವವರು, ಹಾಜರಿ ಬರೆಯುವವರು, ದನ ಕಾಯಲು ಹೋದ ಹುಡುಗನನ್ನು ಹೊಲದಿಂದ ಕರೆತರುವವರು ಅವರೇ. ಸಂಜೆಯ ವೇಳೆ ಊರವರ ಕಾಗದಗಳನ್ನು ಓದಿ ಹೇಳುವವರೂ, ಜನಗಣತಿ ಚುನಾವಣೆಗಳ ಕೆಲಸಕ್ಕೆ ಓಡುವವರೂ ಅವರೇ. ಇವರ ಹೆಸರುಗಳು ಯಾವ ಶಿಲಾಶಾಸನದಲ್ಲಿಯೂ ಇಲ್ಲ; ಅವರು ತಿದ್ದಿದ ಅಕ್ಷರಗಳು ಸಾವಿರಾರು ಕೈಗಳಲ್ಲಿವೆ.

ಆದರೆ ಇತಿಹಾಸವು ಬರಿಯ ಹೊಗಳಿಕೆಯಾಗಬಾರದು. ಶಾಲೆಯಲ್ಲಿ ಗಂಡಸೊಬ್ಬರೇ ಇದ್ದ ಕಡೆ, ತುಸು ಬೆಳೆದ ಹೆಣ್ಣುಮಕ್ಕಳನ್ನು ಕಳುಹಿಸಲು ಅನೇಕ ತಾಯಿತಂದೆಗಳು ಹಿಂಜರಿದರು. ಮಾಸ್ತರರು ಎಷ್ಟೇ ಸಜ್ಜನರಾಗಿದ್ದರೂ ಅವರ ಒಂಟಿತನವೇ ಹುಡುಗಿಯರ ಪಾಲಿಗೆ ಅಡ್ಡಗೋಡೆಯಾಯಿತು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು 1848ರಲ್ಲಿಯೇ ಬಾಲಕಿಯರ ಶಾಲೆಯಲ್ಲಿ ಕಲಿಸತೊಡಗಿದ್ದರು. ಆದರೂ ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟು ಅವರಲ್ಲೊಬ್ಬರು ಮಹಿಳೆ ಎಂಬ ನಿಯಮವು ದೇಶದಾದ್ಯಂತ ಜಾರಿಗೆ ಬಂದದ್ದು 1987ರ 'ಕಪ್ಪುಹಲಗೆ ಕಾರ್ಯಾಚರಣೆ'ಯ ಮೂಲಕ. ತಡವಾದುದರ ಫಲವನ್ನು 2011ರ ಜನಗಣತಿ ತೋರಿಸಿತು: ಬೀದರ ಜಿಲ್ಲೆಯಲ್ಲಿ ಸಾಕ್ಷರ ಪುರುಷರು ಸುಮಾರು ಶೇ. 79, ಸ್ತ್ರೀಯರು ಸುಮಾರು ಶೇ. 62. ಬಡತನ, ಬಾಲ್ಯವಿವಾಹ, ದೂರದ ದಾರಿಗಳೂ ಇದಕ್ಕೆ ಕಾರಣಗಳು ನಿಜ. ಆದರೂ ಶಿಕ್ಷಕಿಯಿಲ್ಲದ ಶಾಲೆಯನ್ನು ಆ ಪಟ್ಟಿಯಿಂದ ಬಿಡುವಂತಿಲ್ಲ.

ಈ ವಿಚಾರದಲ್ಲಿ ನಮ್ಮ ಧರ್ಮಸಭೆಗೂ ತನ್ನದೇ ಆದ ಪರಂಪರೆಯಿದೆ. ಫ್ರಾನ್ಸಿನ ರೀಮ್ಸ್ ನಗರದಲ್ಲಿ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ 1680ರ ಸುಮಾರಿನಲ್ಲಿ ಬಡ ಹುಡುಗರಿಗೆ ಕಲಿಸುವ ಸಹೋದರರ ಸಂಘವನ್ನು ಕಟ್ಟಿದರು. ಆ ಸಹೋದರರು ಗುರುಪಟ್ಟವನ್ನು ಬಯಸಲಿಲ್ಲ. ಮಾಸ್ತರಿಕೆಯೇ ಅವರ ದೈವಕರೆಯಾಗಿತ್ತು. ಓದನ್ನು ಲತೀನಿನಿಂದ ಆರಂಭಿಸುವ ರೂಢಿಯನ್ನು ಬಿಟ್ಟು ಮಕ್ಕಳ ಫ್ರೆಂಚ್ ಭಾಷೆಯಿಂದಲೇ ಆರಂಭಿಸಿದರು. ಭಾಲ್ಕಿಯ ಫಲಕದ ಹಿಂದೆ ನಡೆದ ಕನ್ನಡ ಪಾಠವೂ ಇದೇ ಸತ್ಯವನ್ನು ಸಾರಿತಲ್ಲವೇ? 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಈ ಸಂತರನ್ನು ಶಿಕ್ಷಕರ ಪಾಲಕರೆಂದು ಘೋಷಿಸಿದರು. ನಮ್ಮ ನಾಡಿನಲ್ಲಿಯೂ ಹಗಲು ಅಕ್ಷರವನ್ನೂ ಸಂಜೆ ಜಪವನ್ನೂ ಕಲಿಸಿದ ಉಪದೇಶಿಗಳ ಪರಂಪರೆಯುಂಟು. ಬೀದರ ಜಿಲ್ಲೆಯು ಈಗ 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಸೇರಿದೆ. ಅಲ್ಲಿನ ವಿಶ್ವಾಸಿಗಳು ಈ ಎರಡು ಪರಂಪರೆಗಳಿಗೂ ಹಕ್ಕುದಾರರು.

ಇಂದು ಕಾಲಚಕ್ರ ಇನ್ನೊಂದು ಕಡೆಗೆ ತಿರುಗಿದೆ. 2019–20ರ ಶಾಲಾ ಅಂಕಿ ಅಂಶಗಳ ಪ್ರಕಾರ ದೇಶದ ಸುಮಾರು 97 ಲಕ್ಷ ಶಿಕ್ಷಕರಲ್ಲಿ ಮಹಿಳೆಯರು 49 ಲಕ್ಷಕ್ಕೂ ಹೆಚ್ಚು. ಇದು ಸಂತೋಷದ ಸಂಗತಿ. ಬಹುದಿನದ ಅನ್ಯಾಯವೊಂದು ಸರಿಯಾಗುತ್ತಿದೆ. ಆದರೆ ಕೆಳಗಿನ ತರಗತಿ ಹೆಂಗಸರಿಗೆ, ಮೇಲಿನ ತರಗತಿ ಗಂಡಸರಿಗೆ ಎಂಬ ಹೊಸ ರೂಢಿ ಬೆಳೆಯುತ್ತಿರುವುದು ಹಿತಕರವಲ್ಲ. ಚಿಕ್ಕ ಮಕ್ಕಳ ಮೂಗು ಒರೆಸುವುದು ಕೀಳು ಕೆಲಸವೆಂದು ಗಂಡಸು ಭಾವಿಸಿದರೆ, ಅದನ್ನು ನೋಡುವ ಹುಡುಗನೂ ಹಾಗೆಯೇ ಭಾವಿಸುತ್ತಾನೆ. ಈ ಸೀಮೆಯ ಎಷ್ಟೋ ತಂದೆಗಳು ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗುತ್ತಾರೆ. ಅಂತಹ ಮನೆಯ ಮಗುವಿಗೆ ಬೈಯದೆ ಹೊಡೆಯದೆ ತಾಳ್ಮೆಯಿಂದ ಮಾತನಾಡುವ ಗಂಡಸೊಬ್ಬನ ಪರಿಚಯ ಶಾಲೆಯಲ್ಲಿಯೇ ಆಗಬೇಕಾಗಬಹುದು. 2002ರಲ್ಲಿ ಬೀದರವೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಪ್ರಾರಂಭವಾದಾಗ, ಬಿಸಿಯೂಟದ ಸಾಲಿನಲ್ಲಿ ನಿಂತು ಮಕ್ಕಳ ತಟ್ಟೆಯನ್ನು ನೋಡಿಕೊಳ್ಳುವುದು ಮಾಸ್ತರರ ಕರ್ತವ್ಯವೂ ಆಯಿತು. ಪಟ್ಟದ್ದೇವರು ಅದನ್ನು ಕಾಯಿದೆಯಿಲ್ಲದೆಯೇ ಮಾಡಿದ್ದರು.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಮಾಸ್ತರರು ಈ ಸೀಮೆಯಲ್ಲಿ ಶಾಲೆಯ ಬಾಗಿಲನ್ನು ತೆರೆದರು; ಒಬ್ಬರೇ ನಿಂತಾಗ ಅದು ಅರ್ಧ ಮಾತ್ರ ತೆರೆಯಿತು; ಶಿಕ್ಷಕಿಯರು ಜೊತೆಗೂಡಿದಾಗ ಪೂರ್ತಿ ತೆರೆಯಿತು. ಈಗ ಗಂಡಸರು ಅಲ್ಲಿಂದ ಹೊರಟುಹೋಗದೆ ಸಂಗಾತಿಗಳಾಗಿ ಉಳಿಯಬೇಕು. ನಮ್ಮ ಮನೆಯ ಮಗನೊಬ್ಬ ಒಂದನೆಯ ತರಗತಿಗೆ ಕಲಿಸುವೆನೆಂದರೆ ನಾವು ನಗದೆ ಹರಸೋಣ. ಬಡಗಿಯ ಮನೆಯಲ್ಲಿ ಬಾಲಯೇಸುವಿನ ಕೈಹಿಡಿದು ಕೆಲಸ ಕಲಿಸಿದ ಸಂತ ಜೋಸೆಫರನ್ನು ಪೂಜಿಸುವ ನಮಗೆ ಇದು ಹೊಸ ಮಾತೇನೂ ಅಲ್ಲ.