ನೇಗಿಲು ಒಲ್ಲದ ನೆಲ

ಬಿತ್ತುವ ಮುನ್ನ ಒಕ್ಕಲಿಗನು ಒಂದು ಹಿಡಿ ಮಣ್ಣನ್ನೆತ್ತಿ ಅಂಗೈಯಲ್ಲಿ ಹಿಸುಕಿ ನೋಡುತ್ತಾನೆ. ಅದು ಉಂಡೆ ಕಟ್ಟಬೇಕು, ಕೈಗೆ ಮೆತ್ತಬಾರದು. ಬೆರಳು ತಾಕಿದರೆ ಉದುರಬೇಕು, ಧೂಳಾಗಬಾರದು. ಇದಕ್ಕೆ ನಮ್ಮಲ್ಲಿ ‘ಹದ’ವೆಂಬ ಎರಡಕ್ಷರದ ಮಾತಿದೆ. ಬೆಳೆಗೂ ತಮಗೂ ಯಾವ ಸಂಬಂಧವೂ ಇಲ್ಲದೆ, ಇಷ್ಟೇ ಆಸ್ಥೆಯಿಂದ ಮಣ್ಣಿನ ಹದವನ್ನು ನೋಡುವ ಇನ್ನೊಂದು ಬಳಗವುಂಟು. ಅವರು ಮೋಟೊಕ್ರಾಸ್ ಪಂದ್ಯದ ಸವಾರರು. ರಸ್ತೆಯಿಲ್ಲದ ಏರುತಗ್ಗಿನ ನೆಲದಲ್ಲಿ ಸುತ್ತು ಸುತ್ತಾಗಿ ಮೋಟಾರು ಸೈಕಲ್ ಓಡಿಸುವ ಈ ಪಂದ್ಯದ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಹೇಳುವುದು ವಾಡಿಕೆ. ಮಣ್ಣಿನ ಚರಿತ್ರೆಯಾಗಿ ಓದಿದರೆ ಬೇರೊಂದು ಸಂಗತಿ ಕಾಣುತ್ತದೆ.

ಈ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಯಾರ್ಕ್‌ಷೈರಿನಲ್ಲಿ 1914ರಿಂದ ‘ಸ್ಕಾಟ್ ಟ್ರಯಲ್’ ಎಂಬ ಸ್ಪರ್ಧೆಯಿತ್ತು. ಅಲ್ಲಿ ವೇಗದ ಜೊತೆಗೆ, ಕಠಿಣ ಸ್ಥಳಗಳಲ್ಲಿ ಸವಾರನು ತೋರುವ ಚಾತುರ್ಯಕ್ಕೂ ಲೆಕ್ಕವಿತ್ತು. ದಕ್ಷಿಣದವರು ಚಾತುರ್ಯದ ಪರೀಕ್ಷೆಯನ್ನು ಕೈಬಿಟ್ಟು ವೇಗವೊಂದನ್ನೇ ಉಳಿಸಿಕೊಂಡರು. ಹಾಗಾದರೆ ಇದನ್ನು ‘ಟ್ರಯಲ್’ ಎನ್ನುವಂತಿಲ್ಲವೆಂದು ಆಡಳಿತ ಮಂಡಲಿ ತಕರಾರು ತೆಗೆಯಿತು. ಆಗ ಬಂದ ಹೆಸರು ‘ಸ್ಕ್ರ್ಯಾಂಬಲ್’; ಎಂದರೆ ಕೈಕಾಲು ಬಡಿದು ಹೇಗೋ ಏರಿಳಿಯುವ ಪೇಚಾಟ. 1924ರ ಮಾರ್ಚ್ 29ರಂದು ಸರ್ರೆ ಪ್ರಾಂತದ ಕ್ಯಾಂಬರ್ಲಿಯ ಬಯಲಿನಲ್ಲಿ ಅದು ನಡೆಯಿತು. ಆ ಸೀಮೆ ಮರಳು ಮಿಶ್ರಿತ ಹುಳಿ ಮಣ್ಣಿನದು. ಹೀದರ್ ಎಂಬ ಕುರುಚಲು ಗಿಡವಲ್ಲದೆ ಬೇರೇನೂ ಅಲ್ಲಿ ಸುಲಭವಾಗಿ ಬೆಳೆಯದು. ಸೈನಿಕರ ಕವಾಯತಿಗೆ ಬಿಟ್ಟ ನೆಲ ಅದರ ಸುತ್ತ ಬೇಕಾದಷ್ಟಿತ್ತು. ಬೆಳೆಯುವ ಹೊಲದಲ್ಲಿ ಗಾಲಿ ಓಡಿಸಲು ಯಾರು ಬಿಟ್ಟಾರು?

ಎರಡನೆಯ ಮಹಾಯುದ್ಧದ ಅನಂತರ ಆಟವು ಕಡಲು ದಾಟಿತು. ಮೋಟಾರು ಸೈಕಲ್ಲಿನ ಫ್ರೆಂಚ್ ಹೆಸರಿನ ಮೊದಲ ತುಂಡಿಗೆ ‘ಕ್ರಾಸ್ ಕಂಟ್ರಿ’ಯ ತುಂಡೊಂದು ಸೇರಿ ‘ಮೋಟೊಕ್ರಾಸ್’ ಆಯಿತು. ರಾಷ್ಟ್ರತಂಡಗಳ ಮೊದಲ ಪಂದ್ಯ 1947ರಲ್ಲಿ ಹಾಲೆಂಡಿನ ವಾಸೆನಾರಿನಲ್ಲಿ ನಡೆದು ಬ್ರಿಟನ್ ಗೆದ್ದಿತು. ಅದೂ ಕಡಲ ದಂಡೆಯ ಮರಳು ದಿಬ್ಬಗಳ ಸೀಮೆಯೇ. 1952ರಲ್ಲಿ ಯೂರೋಪಿನ ಪ್ರಶಸ್ತಿ, 1957ರಲ್ಲಿ ವಿಶ್ವ ಪ್ರಶಸ್ತಿ ಏರ್ಪಟ್ಟವು. ವಿಶ್ವ ಪ್ರಶಸ್ತಿಯನ್ನು ಮೊದಲು ಪಡೆದವನು ಸ್ವೀಡನ್ನಿನ ಬಿಲ್ ನಿಲ್ಸನ್.

ಮರಳಿಗೂ ಜೇಡಿಗೂ ಇರುವ ಅಂತರ ಕಣದ ಗಾತ್ರದ್ದು. ಮರಳಿನ ಕಣ ಎರಡು ಮಿಲಿಮೀಟರಿನವರೆಗೂ ಇರಬಹುದು. ಜೇಡಿಯ ಕಣ 0.002 ಮಿಲಿಮೀಟರಿಗಿಂತಲೂ ಸಣ್ಣದು. ಆದ್ದರಿಂದ ಜೇಡಿ ನೀರನ್ನು ಹಿಡಿದುಕೊಳ್ಳುತ್ತದೆ. ಮಳೆಯಲ್ಲಿ ಜಾರುತ್ತದೆ, ಗಾಲಿಗೆ ಮೆತ್ತುತ್ತದೆ, ಬೇಸಗೆಯಲ್ಲಿ ಕಲ್ಲಾಗಿ ಬಿರಿದು ಧೂಳೆಬ್ಬಿಸುತ್ತದೆ. ಇಂಥ ನೆಲ ಸವಾರಿಗೆ ಹದವಾಗಿರುವುದು ಹೆಚ್ಚಾಗಿ ವಸಂತ ಹಾಗೂ ಶರತ್ಕಾಲಗಳಲ್ಲಿ. ಬೇಸಗೆಯಲ್ಲಿ ಟ್ರಾಕ್ಟರಿನಿಂದ ಆಳವಾಗಿ ಕೆದಕಿ ನೀರು ಹಾಯಿಸಿ ಹದವನ್ನು ತರಿಸಿಕೊಳ್ಳಬೇಕು. ಮರಳಾದರೋ ಬಿದ್ದ ಮಳೆಯನ್ನು ಕೂಡಲೇ ಬಸಿದುಬಿಡುತ್ತದೆ. ಉಳಿದ ತೇವದಿಂದ ಇನ್ನಷ್ಟು ಬಿಗಿಯಾಗುತ್ತದೆ. ಉಳಿದೆಡೆ ಕೆಸರೆಂದು ಸವಾರರು ಮನೆ ಸೇರುವ ಚಳಿಗಾಲದಲ್ಲೂ ಮರಳು ನಾಡಿನವನಿಗೆ ಅಭ್ಯಾಸ ತಪ್ಪದು.

ಈ ಮಾತಿನ ಪೂರ್ಣ ಅರ್ಥ ಬೆಲ್ಜಿಯಂ ದೇಶದ ಉತ್ತರದಲ್ಲಿ ತಿಳಿಯುತ್ತದೆ. ಅಲ್ಲಿನ ಒಂದು ಸೀಮೆಯ ಹೆಸರು ಕೆಂಪೆನ್. ಹೆಸರು ಕೇಳಿ ಕನ್ನಡಿಗನು ಮೋಸಹೋಗಬಾರದು. ಮಣ್ಣು ಕೆಂಪಲ್ಲ, ಮಾಸಲು ಬಿಳುಪು. ಹಿಮಯುಗದ ಗಾಳಿ ತಂದು ಹಾಸಿದ ಮರಳು ಅದು. ಹಿಂದೆ ರೈತರು ಹೀದರ್ ಗಿಡವನ್ನು ಹೆಂಟೆ ಸಮೇತ ಕೆತ್ತಿ ತಂದು, ಕೊಟ್ಟಿಗೆಯ ಗೊಬ್ಬರ ಬೆರೆಸಿ, ತಲೆಮಾರುಗಟ್ಟಲೆ ಹೊಲಕ್ಕೆ ಹಾಕಿ ಅಷ್ಟಿಷ್ಟು ಬೆಳೆ ತೆಗೆಯುತ್ತಿದ್ದರು. ಪಾಳುಭೂಮಿಯನ್ನು ಸಾಗುವಳಿಗೆ ತರಲು 1847ರಲ್ಲಿ ಸರಕಾರ ಕಾಯಿದೆಯನ್ನೇ ಮಾಡಬೇಕಾಯಿತು. ಅಂಥ ಸೀಮೆಯ ಲೊಮ್ಮೆಲ್ ಪಟ್ಟಣದ ಮರಳು ಓಟದಾರಿ ಇಂದು ಜಗತ್ತಿನ ಸವಾರರಿಗೆ ಗುರುಕುಲ. ಅಲ್ಲಿ ಪ್ರತಿ ಸುತ್ತಿನಲ್ಲೂ ದಾರಿ ಬದಲಾಗುತ್ತದೆ. ಗಾಲಿ ತೋಡಿದ ಗುಂಡಿಗಳು ಆಳವಾಗುತ್ತ ಹೋಗುತ್ತವೆ. ಹೆದರಿ ವೇಗ ತಗ್ಗಿಸಿದರೆ ಮುಂಗಾಲಿ ಹೂಳುತ್ತದೆ. ಸವಾರನು ಭಾರವನ್ನು ಹಿಂದಕ್ಕೆ ಹಾಕಿ, ಮುಂಗಾಲಿಯನ್ನು ಹಗುರಗೊಳಿಸಿ, ವೇಗ ಕೆಡದಂತೆ ಸಾಗಬೇಕು.

ಮೂರು ವರ್ಗಗಳಲ್ಲೂ ವಿಶ್ವ ಪ್ರಶಸ್ತಿ ಗಳಿಸಿದ ಮೊದಲಿಗ ಎರಿಕ್ ಗೆಬೂರ್ಸ್, 1991ರಿಂದ 2006ರವರೆಗೆ ಹತ್ತು ಬಾರಿ ವಿಶ್ವ ಪ್ರಶಸ್ತಿ ಪಡೆದ ಸ್ಟೆಫಾನ್ ಎವರ್ಟ್ಸ್ ಇಬ್ಬರೂ ಲೊಮ್ಮೆಲ್ ಇರುವ ಲಿಂಬರ್ಗ್ ಪ್ರಾಂತದಲ್ಲೇ ಹುಟ್ಟಿದವರು. ಆದರೆ ಮಣ್ಣೊಂದೇ ಎಲ್ಲವನ್ನೂ ಮಾಡಿತೆನ್ನುವುದು ಅತಿಮಾತು. 1964ರಿಂದ 1972ರೊಳಗೆ ಆರು ಪ್ರಶಸ್ತಿ ಗೆದ್ದ ಜೊಯೆಲ್ ರಾಬರ್ಟ್ ಅದೇ ದೇಶದವನಾದರೂ ದಕ್ಷಿಣದ ಹೈನೊ ಪ್ರಾಂತದವನು. ಹಾಗಿದ್ದೂ ಮರಳಿನ ಪಾತ್ರ ಎಂಥದೆಂಬುದನ್ನು 2012ರ ಪಂದ್ಯ ತೋರಿತು. 2005ರಿಂದ ಏಳು ವರ್ಷ ಎಡೆಬಿಡದೆ ರಾಷ್ಟ್ರಗಳ ಪಂದ್ಯವನ್ನು ಗೆದ್ದ ಅಮೆರಿಕದ ತಂಡ ಆ ವರ್ಷ ಲೊಮ್ಮೆಲ್ಲಿಗೆ ಬಂತು. ಜರ್ಮನಿ ಗೆದ್ದಿತು, ಬೆಲ್ಜಿಯಂ ಎರಡನೆಯದು, ಅಮೆರಿಕ ಮೂರನೆಯದು. ಯಂತ್ರಗಳಲ್ಲಿ ಕೊರತೆಯೇನೂ ಇರಲಿಲ್ಲ. ನೆಲ ಮಾತ್ರ ಬೇರೆ.

ಕೆಟ್ಟ ನೆಲ, ಒಳ್ಳೆಯ ನೆಲ ಎಂಬ ತೀರ್ಪನ್ನು ನಾವು ನಮ್ಮ ಹೊಟ್ಟೆಯನ್ನು ಮುಂದಿಟ್ಟುಕೊಂಡು ಕೊಡುತ್ತೇವೆ. ಅದು ತಪ್ಪೇನಲ್ಲ, ಉಣ್ಣದೆ ಯಾರೂ ಬದುಕಲಾರರು. ಆದರೆ ಕೆಂಪೆನ್ನಿನ ರೈತನನ್ನು ಬಡವನಾಗಿಸಿದ ಮರಳೇ ಆ ಸೀಮೆಯ ಹುಡುಗರಿಗೆ ವರ್ಷವಿಡೀ ತೆರೆದ ಪಾಠಶಾಲೆಯಾಯಿತೆಂಬುದೂ ಚರಿತ್ರೆಯೇ. ಅಜ್ಜನು ಹೀದರ್ ಹೆಂಟೆ ಹೊತ್ತು ಸೋತ ನೆಲದಲ್ಲಿ ಮೊಮ್ಮಗ ಗೆದ್ದನು.